ಅಳಿಸಿದರೂ ಮರಳಿ ಬರುವ ಇಗ್ನಿಷನ್ ಕೋಡ್: ಹಳೆಯ ಕಾರಿನ ದೋಷ ಹುಡುಕುವ ಬಗೆ

ಹಳೆಯ ಕಾರಿನ ಎಂಜಿನ್ ದೀಪ ಹತ್ತುತ್ತದೆ. ಸ್ಕ್ಯಾನರ್ ಜೋಡಿಸಿದರೆ ಇಗ್ನಿಷನ್ ಕಾಯಿಲಿನ, ಅಂದರೆ ಪ್ಲಗ್‌ಗೆ ಕಿಡಿಯ ವಿದ್ಯುತ್ತು ಕೊಡುವ ಭಾಗದ, ಕೋಡ್ ಕಾಣುತ್ತದೆ. ಕಾಯಿಲ್ ಬದಲಾಯಿಸಿ, ಕೋಡ್ ಅಳಿಸಿ, ಎರಡು ದಿನ ನೆಮ್ಮದಿಯಿಂದ ಓಡಿಸುತ್ತೀರಿ. ಮೂರನೆಯ ದಿನ ಅದೇ ದೀಪ, ಅದೇ ಕೋಡ್. ಪ್ಲಗ್‌ಗಳನ್ನೂ ಬದಲಾಯಿಸಿದ್ದಾಯಿತು, ದೀಪ ಮಾತ್ರ ಹಟ ಬಿಡುವುದಿಲ್ಲ. ಈ ಕೈಪಿಡಿ ಆ ಹಂತಕ್ಕೆ ಬಂದು ಕುಳಿತವರಿಗಾಗಿ.

ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದು: ಕೋಡ್ ಹೆಸರಿಸುವುದು ಒಂದು ಸರ್ಕ್ಯೂಟನ್ನು, ಬಿಡಿಭಾಗವನ್ನಲ್ಲ. ಪಿ0352 ಎಂದು ಬಂದರೆ ‘ಎರಡನೆಯ ಕಾಯಿಲ್ ಕೆಟ್ಟಿದೆ’ ಎಂದು ಓದಿಕೊಳ್ಳುವವರೇ ಹೆಚ್ಚು. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಹೇಳುತ್ತಿರುವುದು ಅದಲ್ಲ. ‘ಬಿ ಎಂಬ ಕಾಯಿಲಿನ ದಾರಿಯಲ್ಲಿ ನನಗೆ ಕಾಣಬೇಕಾದ್ದು ಕಾಣಲಿಲ್ಲ’ ಎಂದಷ್ಟೇ ಅದರ ದೂರು. ಆ ದಾರಿಯಲ್ಲಿ ಕಾಯಿಲ್ ಇದೆ, ಅದರ ಕನೆಕ್ಟರ್ ಇದೆ, ಒಂದೆರಡು ಮೀಟರ್ ವೈರು ಇದೆ, ಫ್ಯೂಸ್, ರಿಲೇ, ಅರ್ತ್ ಇವೆ, ಕೊನೆಯಲ್ಲಿ ಇಸಿಯು ಒಳಗಿನ ಟ್ರಾನ್ಸಿಸ್ಟರ್ ಇದೆ. ಹದಿನೈದು ಇಪ್ಪತ್ತು ವರ್ಷ ಬಿಸಿಲು, ಮಳೆ, ಎಂಜಿನ್ ಶಾಖ ಉಂಡ ಕಾರಿನಲ್ಲಿ ಇವುಗಳಲ್ಲಿ ಯಾವುದು ಬೇಕಾದರೂ ಕೈಕೊಡಬಹುದು. ಪರೀಕ್ಷೆ ಮಾಡದೆ ಕಾಯಿಲ್ ಮೇಲೆ ಕಾಯಿಲ್ ಬದಲಾಯಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕೈ ಹಾಕುವ ಮೊದಲು

ಇಗ್ನಿಷನ್ ಕಾಯಿಲ್ ಹೊರಡಿಸುವ ವಿದ್ಯುತ್ತು 20,000ದಿಂದ 40,000 ವೋಲ್ಟ್‌ವರೆಗೆ ಇರುತ್ತದೆ. ಕಿಡಿ ಬರುತ್ತಿದೆಯೇ ಎಂದು ನೋಡಲು ಪ್ಲಗ್ ಅಥವಾ ಕಾಯಿಲನ್ನು ಕೈಯಲ್ಲಿ ಹಿಡಿಯಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಎಂಜಿನ್ ಓಡುವಾಗ ಬಾನೆಟ್ ಒಳಗೆ ಬಗ್ಗಲೇಬಾರದು. ಕಿಡಿ ಪರೀಕ್ಷೆಗೆ ಅಗ್ಗದ ಸ್ಪಾರ್ಕ್ ಟೆಸ್ಟರ್ ಸಿಗುತ್ತದೆ. ಅದರ ಕ್ಲಿಪ್ಪನ್ನು ಎಂಜಿನ್ನಿನ ಲೋಹಕ್ಕೆ ಭದ್ರವಾಗಿ ಕಚ್ಚಿಸಿಯೇ ಸೆಲ್ಫ್ ಹೊಡೆಯಿರಿ. ಹೈ ಟೆನ್ಷನ್ ತುದಿಯನ್ನು ಸುಮ್ಮನೆ ತೆರೆದು ಬಿಟ್ಟು ಸೆಲ್ಫ್ ಹೊಡೆದರೆ ಆ ವಿದ್ಯುತ್ತಿಗೆ ಹೋಗಲು ದಾರಿ ಇರುವುದಿಲ್ಲ. ಕಾಯಿಲಿನ ಒಳಗಿನ ಇನ್ಸುಲೇಷನ್ನನ್ನೋ ಇಸಿಯುವಿನ ಟ್ರಾನ್ಸಿಸ್ಟರನ್ನೋ ಅದು ಸುಟ್ಟುಹಾಕಬಹುದು.

ಪ್ಲಗ್ ಬಿಚ್ಚಿದ ರಂಧ್ರದಿಂದ ಪೆಟ್ರೋಲ್ ಆವಿ ಹೊರಗೆ ಚಿಮ್ಮುತ್ತದೆ. ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಆದ್ದರಿಂದ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್‌ಗಳ ಕನೆಕ್ಟರ್ ಬಿಚ್ಚಿ, ಇಲ್ಲವೇ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದ ಮೇಲೆಯೇ ಈ ಪರೀಕ್ಷೆ. ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತಿದ್ದರೆ ಪರೀಕ್ಷೆಯೇ ಬೇಡ, ಸೋರುವ ಜಾಗ ಮೊದಲು ಹುಡುಕಿ. ಇನ್ನು ರೇಡಿಯೇಟರ್ ಫ್ಯಾನ್: ಎಂಜಿನ್ ನಿಂತಿದ್ದರೂ ಅದು ತಾನಾಗಿ ತಿರುಗಬಹುದು.

ಅಳಿಸುವ ಮೊದಲು ಬರೆದುಕೊಳ್ಳಿ

ಕೋಡ್ ಕಂಡ ಕೂಡಲೇ ಅಳಿಸುವ ಆತುರ ನನಗೂ ಇತ್ತು, ಈಗಿಲ್ಲ. ಕೋಡಿನ ಜೊತೆಗೆ ಇಸಿಯು ಆ ಕ್ಷಣದ ಸ್ಥಿತಿಯನ್ನೂ ಹಿಡಿದಿಟ್ಟಿರುತ್ತದೆ. ಎಂಜಿನ್ ಎಷ್ಟು ಸುತ್ತು ತಿರುಗುತ್ತಿತ್ತು, ಕೂಲಂಟ್ ಎಷ್ಟು ಬಿಸಿಯಿತ್ತು, ಕಾರಿನ ವೇಗ ಎಷ್ಟು, ಎಂಜಿನ್ ಮೇಲಿನ ಹೊರೆ ಎಷ್ಟು ಎಂಬುದೆಲ್ಲ ಅದರಲ್ಲಿದೆ. ಸ್ಕ್ಯಾನರಿನಲ್ಲಿ ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ಕೂಲಂಟ್ 20 ಡಿಗ್ರಿ ಇದ್ದಾಗ ಬಂದ ಕೋಡಿಗೂ 95 ಡಿಗ್ರಿಯಲ್ಲಿ ಏರು ಹತ್ತುವಾಗ ಬಂದ ಕೋಡಿಗೂ ಹುಡುಕುವ ಜಾಗವೇ ಬೇರೆ. ಒಂದು ಚೀಟಿಯಲ್ಲಿ ಗೀಚಿಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಈಗ ಕೋಡ್‌ಗಳ ಮನೆತನ. ಪಿ0301, ಪಿ0302 ಎಂದು ಸಾಗುವವು ಮಿಸ್‌ಫೈರ್ (ಸಿಲಿಂಡರ್ ತನ್ನ ಸರದಿಯಲ್ಲಿ ಸರಿಯಾಗಿ ಉರಿಯದಿರುವುದು) ಕೋಡ್‌ಗಳು, ಕೊನೆಯ ಅಂಕಿ ಸಿಲಿಂಡರಿನದು. ಪಿ0300 ಎಂದರೆ ಮಿಸ್ ಒಂದು ಸಿಲಿಂಡರಿಗೆ ಸೀಮಿತವಾಗಿಲ್ಲ. ಪಿ0351ರಿಂದ ಮುಂದಿನವು ಕಾಯಿಲ್ ಸರ್ಕ್ಯೂಟಿನವು: ಎ, ಬಿ, ಸಿ ಎಂದು ಸಾಗುತ್ತವೆ. ಪಿ0335, ಪಿ0336 ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸೆನ್ಸರಿನವು, ಪಿ0340 ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರಿನದು. ಪಿ1 ಎಂದು ಶುರುವಾಗುವ ಕೋಡ್‌ಗಳಿಗೆ ಅರ್ಥ ಕೊಡುವವರು ಆಯಾ ತಯಾರಕರು. ಟೊಯೋಟಾದಲ್ಲಿ ಪಿ1300 ಎಂದರೆ ಇಗ್ನೈಟರ್ (ಕಾಯಿಲಿನ ಕರೆಂಟನ್ನು ಹಾಕಿ ಕಡಿಯುವ ಸ್ವಿಚ್) ಸರ್ಕ್ಯೂಟ್, ಬೇರೆ ಕಂಪನಿಯಲ್ಲಿ ಅದೇ ಅಂಕಿಗೆ ಬೇರೆ ಅರ್ಥ ಇರಬಹುದು.

ಮೊದಲೆರಡು ಮನೆತನಗಳ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಮಿಸ್‌ಫೈರ್ ಕೋಡನ್ನು ಇಸಿಯು ಊಹಿಸುತ್ತದೆ. ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕ್‌ಗೆ ಒಂದು ತಳ್ಳು ಸಿಗುತ್ತದೆ. ಎರಡನೆಯ ಸಿಲಿಂಡರಿನ ಸರದಿಯಲ್ಲಿ ಆ ತಳ್ಳು ಸಿಗದೆ ಕ್ರ್ಯಾಂಕ್ ಒಂದು ಎಳೆಯಷ್ಟು ನಿಧಾನವಾದರೆ ಪಿ0302 ದಾಖಲಾಗುತ್ತದೆ. ಕಿಡಿ ಬರಲಿಲ್ಲವೋ, ಪೆಟ್ರೋಲ್ ಬರಲಿಲ್ಲವೋ, ಕಂಪ್ರೆಷನ್ (ಪಿಸ್ಟನ್ ಹಿಂಡಿ ತರುವ ಒತ್ತಡ) ಇಲ್ಲವೋ ಅದಕ್ಕೆ ಗೊತ್ತಿಲ್ಲ. ಪಿ0352 ಹಾಗಲ್ಲ. ಅದು ವೈರಿನ ಮೇಲೆ ಕಂಡ ವಿದ್ಯುತ್ ದೋಷ. ಎರಡೂ ಒಟ್ಟಿಗೆ ಬಂದಿದ್ದರೆ ವಿದ್ಯುತ್ ದೋಷವೇ ಮಿಸ್‌ಗೆ ಕಾರಣ ಎಂದುಕೊಂಡು ಮುಂದುವರಿಯಬಹುದು. ಪಿ0302 ಒಂದೇ ಬಂದಿದ್ದರೆ ಇಗ್ನಿಷನ್ನೇ ಕಳ್ಳ ಎಂದು ತೀರ್ಪು ಕೊಡಬೇಡಿ.

ಇನ್ನೊಂದು ಎಚ್ಚರ. ಎ ಕಾಯಿಲ್ ಎಂದರೆ ಒಂದನೆಯ ಸಿಲಿಂಡರ್ ಎಂದು ಎಲ್ಲ ಕಾರುಗಳಲ್ಲೂ ನಂಬುವ ಹಾಗಿಲ್ಲ. ಕೆಲವರು ಸಿಲಿಂಡರ್ ಕ್ರಮದಲ್ಲಿ ಹೆಸರಿಡುತ್ತಾರೆ, ಕೆಲವರು 1-3-4-2ರಂಥ ಉರಿಯುವ ಕ್ರಮದಲ್ಲಿ. ನಿಮ್ಮ ಕಾರಿನ ಸರ್ವಿಸ್ ಪುಸ್ತಕ ನೋಡದೆ ಈ ಲೆಕ್ಕ ಹಿಡಿದರೆ ತಪ್ಪು ಕಾಯಿಲನ್ನು ಬಿಚ್ಚಿ ದಿನ ಕಳೆಯುತ್ತೀರಿ.

ಸ್ಕ್ಯಾನರ್ ಜೋಡಿಸುವ 16 ಪಿನ್ನಿನ ಓಬಿಡಿ-2 ಸಾಕೆಟ್ ಅಮೆರಿಕದ ಕಾರುಗಳಲ್ಲಿ 1996ರಿಂದ, ಯೂರೋಪಿನ ಪೆಟ್ರೋಲ್ ಕಾರುಗಳಲ್ಲಿ 2001ರಿಂದ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಹಲವು ಕಾರುಗಳಲ್ಲಿ ಎರಡು ಪಿನ್ನುಗಳನ್ನು ವೈರಿನಿಂದ ಸೇರಿಸಿ, ದೀಪ ಮಿನುಗುವ ಎಣಿಕೆಯಿಂದ ಕೋಡ್ ತಿಳಿಯಬೇಕು. ಹಳೆಯ ಟೊಯೋಟಾದಲ್ಲಿ ಒಮ್ಮೆ ಮಿನುಗಿ, ನಿಂತು, ನಾಲ್ಕು ಸಲ ಮಿನುಗಿದರೆ ಅದು 14, ಅಂದರೆ ಇಗ್ನಿಷನ್ ಸಂಕೇತ ಮರಳಿ ಬರುತ್ತಿಲ್ಲ ಎಂದು. ಯಾವ ಎರಡು ಪಿನ್ ಎಂಬುದು ಖಚಿತವಾಗಿ ಗೊತ್ತಿಲ್ಲದಿದ್ದರೆ ವೈರು ಚುಚ್ಚಿ ಪ್ರಯೋಗ ಮಾಡಬೇಡಿ.

ದೀಪ ಮಿನುಗುತ್ತಿದೆ, ಎಂಜಿನ್ ನಡುಗುತ್ತಿದೆ

ಸುಮ್ಮನೆ ಹತ್ತಿಕೊಂಡಿರುವ ದೀಪ ದೂರು ಹೇಳುತ್ತದೆ, ಮಿನುಗುವ ದೀಪ ಕೂಗುತ್ತದೆ. ಉರಿಯದ ಪೆಟ್ರೋಲ್ ನೇರ ಸೈಲೆನ್ಸರ್ ದಾರಿ ಹಿಡಿದು, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತಿದೆ ಎಂದು ಇದರ ಅರ್ಥ. ಜೇನುಗೂಡಿನಂಥ ಅದರ ಒಳಭಾಗ ಕರಗಿ ಮುಚ್ಚಿಕೊಂಡರೆ ಒಂದು ಕಾಯಿಲಿನ ತಾಪತ್ರಯ ಹಲವು ಪಟ್ಟು ಬೆಳೆಯುತ್ತದೆ. ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ, ಕೆಳಗಿನ ಕನ್ವರ್ಟರ್ ಆಗ ಬೆಂಕಿ ಹೊತ್ತಿಸುವಷ್ಟು ಕಾದಿರುತ್ತದೆ. ಅಲ್ಲಿಂದ ಮುಂದೆ ಕಾರನ್ನು ಎಳೆಸಿಕೊಂಡು ಹೋಗುವುದೇ ಜಾಣತನ.

ದೀಪ ಹತ್ತಿದೆ, ಓಟದಲ್ಲಿ ವ್ಯತ್ಯಾಸವೇ ಇಲ್ಲ

ಇಲ್ಲಿ ಕಿಡಿ ಬರುತ್ತಿದೆ. ಎಲ್ಲೋ ಕ್ಷಣಕಾಲ ಸಂಪರ್ಕ ತಪ್ಪುತ್ತಿದೆ, ಅಥವಾ ‘ಕಿಡಿ ಹಾರಿತು’ ಎಂದು ಇಸಿಯುಗೆ ಮರಳಿ ತಿಳಿಸುವ ವೈರಿನಲ್ಲಿ ತೊಡಕಿದೆ. ಕಾಸು ಖರ್ಚಿಲ್ಲದ ಪರೀಕ್ಷೆಯಿಂದ ಶುರುಮಾಡಿ: ಬ್ಯಾಟರಿ.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ 13.5ರಿಂದ 14.7ರ ನಡುವೆ ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೋ ಅದರ ಟರ್ಮಿನಲ್‌ಗಳನ್ನೋ ಸಂಶಯಿಸಿ. ಟರ್ಮಿನಲ್ ಮೇಲೆ ಬೂಷ್ಟಿನಂತೆ ಬೆಳೆದ ಬಿಳಿ ಹಸಿರು ಪುಡಿಯನ್ನು ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿ ಮಾಡಿದ ಮಾತ್ರಕ್ಕೇ ಮಾಯವಾದ ಕೋಡ್‌ಗಳು ಸಾಕಷ್ಟಿವೆ. ಹಾಗೆಯೇ ಎಂಜಿನ್ ಓಡುವಾಗ ಮೀಟರನ್ನು ಏಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯ ಮೇಲೆ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಆಲ್ಟರ್ನೇಟರ್ ಡಯೋಡ್ ಕೆಟ್ಟಿದೆ. ಅದರ ಗದ್ದಲ ಸೆನ್ಸರ್ ಸಂಕೇತಗಳ ಜೊತೆ ಬೆರೆತು ಇಸಿಯುವನ್ನು ಗೊಂದಲಕ್ಕೆ ಕೆಡವುತ್ತದೆ.

ಆಮೇಲೆ ಅರ್ತ್. ಹೆಡ್‌ಲೈಟ್, ಬ್ಲೋವರ್ ಎರಡನ್ನೂ ಹಾಕಿ, ಎಂಜಿನ್ ಓಡುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಮುಟ್ಟಿಸಿ. 0.1 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 0.2 ದಾಟಿದರೆ ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚಿ, ತುಕ್ಕು ಬಣ್ಣ ಕೆರೆದು, ಮತ್ತೆ ಬಿಗಿಯಿರಿ.

ಪ್ಲಗ್ ಇತ್ತೀಚೆಗೆ ಬದಲಾಗಿದ್ದರೆ ಅದರ ನಂಬರನ್ನೂ ಒಮ್ಮೆ ನೋಡಿ. ಒಳಗೆ ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದ್ದರೆ ಕಾರು ಚೆನ್ನಾಗಿಯೇ ಓಡುತ್ತದೆ, ಆದರೆ ಪ್ರತಿ ಕಿಡಿಯೂ ರೇಡಿಯೋದಲ್ಲಿ ಕರಕರ ಎನ್ನುತ್ತದೆ, ಇಸಿಯು ಕಿವಿಯಲ್ಲೂ ಕೂಡ.

ಒಂದೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ

ಐಡ್ಲಿಂಗ್‌ನಲ್ಲಿ ಕಾರು ಕುಂಟಿದಂತೆ ಅಲುಗುತ್ತದೆ, ಸೈಲೆನ್ಸರ್ ಸದ್ದಿನಲ್ಲಿ ತಾಳ ತಪ್ಪುತ್ತದೆ. ಪ್ರತಿ ಪ್ಲಗ್ ಮೇಲೆ ಒಂದೊಂದು ಕಾಯಿಲ್ ಕೂರುವ ಕಾರಾದರೆ ನಿಮ್ಮ ಅದೃಷ್ಟ. ಒಂದು ಪೈಸೆಯೂ ಬೇಡದ ಪರೀಕ್ಷೆ ಇದೆ: ಅದಲು ಬದಲು.

ಎಂಜಿನ್ ತಣ್ಣಗಾಗಲಿ. ಪಿ0302 ಬಂದಿದ್ದರೆ ಎರಡನೆಯ ಕಾಯಿಲನ್ನು ಮೂರನೆಯದರ ಜಾಗಕ್ಕೂ, ಮೂರನೆಯದನ್ನು ಎರಡನೆಯದರ ಜಾಗಕ್ಕೂ ಕೂರಿಸಿ. ಕಾಯಿಲ್ ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಕೋಡ್ ಅಳಿಸಿ ಓಡಿಸಿ. ಈಗ ಪಿ0303 ಬಂದರೆ ದೋಷ ಕಾಯಿಲಿನ ಜೊತೆಯಲ್ಲೇ ನಡೆದುಹೋಗಿದೆ, ಕಾಯಿಲ್ ಕೆಟ್ಟಿದೆ. ಪಿ0302 ಇದ್ದಲ್ಲೇ ಇದ್ದರೆ ಕಾಯಿಲ್ ನಿರಪರಾಧಿ. ಮುಂದಿನ ಸುತ್ತಿನಲ್ಲಿ ಪ್ಲಗ್‌ಗಳನ್ನು ಹೀಗೆಯೇ ಅದಲು ಬದಲು ಮಾಡಿ. ಒಂದು ಸಲಕ್ಕೆ ಒಂದೇ ವಸ್ತು. ಸಮಯ ಉಳಿಸಲು ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ದೀಪ ಆರಬಹುದು, ಯಾವುದರಿಂದ ಆರಿತು ಎಂಬುದು ಮಾತ್ರ ತಿಳಿಯುವುದಿಲ್ಲ. ಎಂಜಿನ್ ಓಡುವಾಗಲೇ ಒಂದೊಂದು ಕಾಯಿಲ್ ಎಳೆದು ನೋಡುವ ಹಳೆಯ ಚಾಳಿ ಇಂಥ ಕಾರುಗಳಿಗೆ ಸಲ್ಲದು. ಅದರ ಬದಲು ಇಂಜೆಕ್ಟರಿನ ಕನೆಕ್ಟರನ್ನು ಒಂದೊಂದಾಗಿ ಬಿಚ್ಚಿ. ಯಾವುದನ್ನು ಬಿಚ್ಚಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಸತ್ತಿದೆ.

ಒಂದೇ ಕಾಯಿಲ್ ಎರಡು ಸಿಲಿಂಡರಿಗೆ ಕಿಡಿ ಕೊಡುವ ಕಾರುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಸಾಮಾನ್ಯವಾಗಿ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಜೋಡಿಯ ಎರಡೂ ಮಿಸ್ ಆದರೆ ಕಾಯಿಲ್ ಕಡೆ ನೋಡಿ. ಒಂದು ಮಾತ್ರ ಮಿಸ್ ಆದರೆ ಮೊದಲು ಅದರ ಪ್ಲಗ್ ವೈರು ಮತ್ತು ಪ್ಲಗ್.

ಬಿಚ್ಚಿದ ಪ್ಲಗ್ ಒಂದು ಪತ್ರದ ಹಾಗೆ, ಓದಲು ಬರಬೇಕು. ತುದಿಯಲ್ಲಿ ತಿಳಿ ಕಂದು ಅಥವಾ ಬೂದಿ ಬಣ್ಣ ಇದ್ದರೆ ಆರೋಗ್ಯ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಆ ಸಿಲಿಂಡರಿಗೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ. ಒಣ ಕರಿ ಮಸಿ ಇದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿ, ಇಲ್ಲವೇ ಕಿಡಿ ದುರ್ಬಲ. ಎಣ್ಣೆಯ ಜಿಡ್ಡು ಇದ್ದರೆ ಎಂಜಿನ್ ಆಯಿಲ್ ಒಳಗೆ ಇಳಿಯುತ್ತಿದೆ. ಬಿಳಿಚಿಕೊಂಡು ಬೊಬ್ಬೆ ಎದ್ದಿದ್ದರೆ ಅತಿಯಾದ ಶಾಖ.

ಪಿಂಗಾಣಿಯ ಮೇಲೆ ಕಾಣುವ ಎರಡು ಗುರುತುಗಳನ್ನು ಬಹಳ ಮಂದಿ ಅದಲು ಬದಲು ಮಾಡಿಕೊಳ್ಳುತ್ತಾರೆ. ಲೋಹದ ಅಂಚಿನ ಮೇಲೆ, ಪಿಂಗಾಣಿಯ ಸುತ್ತ ಬಳೆಯಂತೆ ಹಬ್ಬಿದ ಕಂದು ಕಲೆ ಸಹಜ. ಹೆಚ್ಚಿನ ವೋಲ್ಟೇಜಿನಿಂದ ಗಾಳಿಯಲ್ಲಿನ ಎಣ್ಣೆ ಕಣಗಳು ಅಂಟಿಕೊಂಡು ಆಗುವ ಕಲೆ ಅದು, ಅದಕ್ಕಾಗಿ ಪ್ಲಗ್ ಎಸೆಯಬೇಕಿಲ್ಲ. ಮೇಲಿನಿಂದ ಕೆಳಗೆ ಪೆನ್ಸಿಲಿನಲ್ಲಿ ಗೀಚಿದಂತೆ ಇಳಿಯುವ ಸಪೂರ ಕರಿಗೆರೆ ಮಾತ್ರ ಅಪಾಯದ್ದು. ಕಿಡಿ ಸಿಲಿಂಡರ್ ಒಳಗೆ ಹಾರುವ ಬದಲು ಹೊರಗಿನಿಂದಲೇ ಜಾರಿ ಅರ್ತ್ ಸೇರುತ್ತಿರುವ ದಾರಿ ಅದು. ಅದೇ ಗೆರೆ ಕಾಯಿಲಿನ ರಬ್ಬರ್ ಬೂಟಿನ ಒಳಗೋಡೆಯ ಮೇಲೂ ಇರುತ್ತದೆ. ಪ್ಲಗ್ ಮಾತ್ರ ಬದಲಾಯಿಸಿ ಹಳೆಯ ಬೂಟ್ ಹಾಕಿದರೆ ಹೊಸ ಪ್ಲಗ್ ಮೇಲೂ ಬೇಗನೆ ಅದೇ ಗೆರೆ ಮೂಡುತ್ತದೆ. ಪದೇ ಪದೇ ಮರಳುವ ಮಿಸ್‌ಫೈರ್ ಕೋಡ್‌ಗೆ ಇದೊಂದು ಸಾಮಾನ್ಯ ಕಾರಣ.

ಪ್ಲಗ್ ಕೂರುವ ಬಾವಿಯಲ್ಲಿ ಎಣ್ಣೆ ನಿಂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ನಿಂತಿದ್ದರೆ ವಾಲ್ವ್ ಕವರಿನ ಸೀಲ್ ಸೋರುತ್ತಿದೆ. ಎಣ್ಣೆ ಕುಡಿದ ರಬ್ಬರ್ ಬೂಟ್ ಮೆತ್ತಗಾಗಿ ಹಿಗ್ಗುತ್ತದೆ, ಕಿಡಿ ಅದರ ಮೂಲಕ ಹಾದುಹೋಗುತ್ತದೆ. ಸೀಲ್ ಬದಲಾಗದೆ ಎಷ್ಟು ಕಾಯಿಲ್ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಪ್ಲಗ್ ಮರಳಿ ಹಾಕುವಾಗ ಮೊದಲ ಸುತ್ತುಗಳನ್ನು ಬರಿಗೈಯಲ್ಲೇ ತಿರುಗಿಸಿ. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಕೆಟ್ಟರೆ ಅದು ಮನೆಯಲ್ಲಿ ಮುಗಿಯುವ ರಿಪೇರಿಯಲ್ಲ.

ಮಳೆಯಲ್ಲಿ, ಮುಂಜಾನೆಯ ತೇವದಲ್ಲಿ ಮಾತ್ರ

ಪ್ಲಗ್ ವೈರು ಮತ್ತು ಡಿಸ್ಟ್ರಿಬ್ಯೂಟರ್ (ಒಂದೇ ಕಾಯಿಲಿನ ವಿದ್ಯುತ್ತನ್ನು ಪ್ಲಗ್‌ಗಳಿಗೆ ಸರದಿಯಲ್ಲಿ ಹಂಚುವ ಭಾಗ) ಇರುವ ಕಾರುಗಳ ಹಳೆಯ ಕಾಯಿಲೆ ಇದು. ಕತ್ತಲಲ್ಲಿ ಬಾನೆಟ್ ತೆರೆದು, ಎಂಜಿನ್ ಓಡುತ್ತಿರುವಾಗ, ದೂರದಿಂದ ವೈರುಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ಹನಿ ಎರಚಿ. ಕೈ ಒಳಗೆ ಇಡಬೇಡಿ, ಇಸಿಯು ಮತ್ತು ಫ್ಯೂಸ್ ಪೆಟ್ಟಿಗೆಯ ಕಡೆ ಎರಚಬೇಡಿ. ಸೋರುವ ಜಾಗದಲ್ಲಿ ನೀಲಿ ಎಳೆಗಳು ಚಿಟಚಿಟ ಎಂದು ಕುಣಿಯುವುದು ಕಣ್ಣಿಗೇ ಕಾಣುತ್ತದೆ. ಹಾಗೆ ಕಂಡರೆ ಒಂದು ವೈರಲ್ಲ, ಇಡೀ ಸೆಟ್ ಬದಲಾಯಿಸಿ. ಒಂದು ಸೋತಾಗ ಉಳಿದವುಗಳ ವಯಸ್ಸೂ ಅಷ್ಟೇ ಆಗಿರುತ್ತದೆ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ಕೂದಲೆಳೆಯ ಬಿರುಕು, ಕರಿಗೆರೆ, ಸವೆದ ಮಧ್ಯದ ಇಂಗಾಲದ ಗುಬುಟು ಇವೆಯೇ ನೋಡಿ.

ಏರಿನಲ್ಲಿ, ಒಮ್ಮೆಲೇ ಪಿಕಪ್ ಕೊಟ್ಟಾಗ ಮಾತ್ರ

ಸಿಲಿಂಡರಿನಲ್ಲಿ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಐಡ್ಲಿಂಗ್‌ನಲ್ಲಿ ನೆಟ್ಟಗೆ ನಡೆಯುವ ದುರ್ಬಲ ಕಾಯಿಲ್ ಇಲ್ಲಿ ಮಂಡಿಯೂರುತ್ತದೆ. ಸವೆದು ಅಗಲವಾದ ಪ್ಲಗ್ ಗ್ಯಾಪ್ ಕೂಡ ಇದೇ ಲಕ್ಷಣ ತೋರಿಸುತ್ತದೆ. ಹೆಚ್ಚಿನ ಕಾರುಗಳಲ್ಲಿ ಗ್ಯಾಪ್ 0.7ರಿಂದ 1.1 ಮಿಲಿಮೀಟರ್ ನಡುವೆ ಇರುತ್ತದೆ, ನಿಖರ ಅಂಕಿಯನ್ನು ನಿಮ್ಮ ಪುಸ್ತಕವೇ ಹೇಳಬೇಕು. ಗ್ಯಾಪ್ ಸರಿಯಿದ್ದರೆ ಕಾಯಿಲ್ ಅದಲು ಬದಲು ಮಾಡಿ, ಅದೇ ಏರಿನಲ್ಲಿ ಮತ್ತೆ ಓಡಿಸಿ.

ಕಾಯಿಲ್ ಹೊಸದು, ಕೋಡ್ ಹಳೆಯದೇ

ಕಾಯಿಲನ್ನು ಎಲ್ಲಿ ಕೂರಿಸಿದರೂ ಪಿ0352 ತನ್ನ ಜಾಗ ಬಿಟ್ಟು ಕದಲದಿದ್ದರೆ ಉಳಿಯುವುದು ವೈರು, ಕನೆಕ್ಟರ್, ಇಸಿಯು. ಇಸಿಯು ಕೆಟ್ಟಿದೆ ಎಂದು ಹೇಳುವುದು ಬಹಳ ಸುಲಭ, ನಿಜವಾಗಿ ಕೆಟ್ಟಿರುವುದು ಅಪರೂಪ. ಮೊದಲು ಕನೆಕ್ಟರ್.

ಕನೆಕ್ಟರಿನ ಲಾಕ್ ಮುರಿದಿದ್ದರೆ ಅದೇ ಕಾರಣವಾಗಿರಬಹುದು. ಶಾಖಕ್ಕೆ ಬಿಸ್ಕತ್ತಿನಂತಾದ ಪ್ಲಾಸ್ಟಿಕ್ ಹಿಂದಿನ ರಿಪೇರಿಯಲ್ಲಿ ಮುರಿದಿರುತ್ತದೆ, ಯಾರೂ ಹೇಳಿರುವುದಿಲ್ಲ. ಒಳಗಿನ ಹೆಣ್ಣು ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ, ಯಾವುದಾದರೂ ಹಿಂದಕ್ಕೆ ಸರಿದಿದೆಯೇ ನೋಡಿ. ಮೀಟರಿನ ದಪ್ಪ ಕಡ್ಡಿಯನ್ನು ಅವುಗಳೊಳಗೆ ತುರುಕಬೇಡಿ. ಪಿನ್ನಿನ ಬಾಯಿ ಅಗಲವಾಗಿ, ಇಲ್ಲದ ಲೂಸ್ ಕನೆಕ್ಷನ್ ನೀವೇ ಹುಟ್ಟಿಸಿದಂತಾಗುತ್ತದೆ. ಕನೆಕ್ಟರಿನ ಹಿಂಬದಿಯಿಂದ, ವೈರಿನ ಪಕ್ಕದಲ್ಲಿ ಸಣ್ಣ ಸೂಜಿ ಇಳಿಸಿ ಅಳೆಯಿರಿ.

ಕಾಯಿಲಿಗೆ ಬರುವ ವೈರುಗಳಲ್ಲಿ ಒಂದು ಬ್ಯಾಟರಿಯ ಧನ ವಿದ್ಯುತ್ತಿನದು. ಕೀ ತಿರುಗಿಸಿದಾಗ ಅಲ್ಲಿ ಬ್ಯಾಟರಿಯಷ್ಟೇ ವೋಲ್ಟ್ ಇರಬೇಕು. ಕೆಲವು ಕಾರುಗಳಲ್ಲಿ ಎಂಜಿನ್ ತಿರುಗದಿದ್ದರೆ ಎರಡು ಸೆಕೆಂಡಿನಲ್ಲಿ ರಿಲೇ ಇದನ್ನು ಕಡಿದುಹಾಕುತ್ತದೆ, ಸೊನ್ನೆ ಕಂಡ ಕೂಡಲೇ ಗಾಬರಿಯಾಗಬೇಡಿ. ಮೀಟರ್ 12 ವೋಲ್ಟ್ ತೋರಿಸಿದರೂ ತೃಪ್ತರಾಗಬೇಡಿ. ಮೀಟರಿಗೆ ಬೇಕಾದ ಕರೆಂಟು ಇರುವೆಯ ಹೆಜ್ಜೆಯಷ್ಟು, ಒಂದೇ ಎಳೆ ಉಳಿದ ವೈರೂ ಅದನ್ನು ಹೊತ್ತು ತೋರಿಸುತ್ತದೆ. ಕಾಯಿಲಿನಿಂದ ಕನೆಕ್ಟರ್ ಬಿಚ್ಚಿ, ಆ ವೈರಿಗೂ ಅರ್ತಿಗೂ ನಡುವೆ ಇಂಡಿಕೇಟರಿನ 21 ವ್ಯಾಟ್ ಬಲ್ಬು ಸೇರಿಸಿ. ಬಲ್ಬು ಬ್ಯಾಟರಿಗೆ ನೇರ ಕೊಟ್ಟಾಗಿನಷ್ಟೇ ಬೆಳಗಿದರೆ ವೈರು ಗಟ್ಟಿ. ಮಂಕಾದರೆ ಫ್ಯೂಸ್, ರಿಲೇ, ನಡುವಿನ ಜೋಡಣೆಗಳನ್ನು ಒಂದೊಂದಾಗಿ ನೋಡಿಕೊಂಡು ಹಿಂದಕ್ಕೆ ಹೋಗಿ. ಈ ಬಲ್ಬನ್ನು ಇಸಿಯುವಿನಿಂದ ಬರುವ ಸಂಕೇತದ ವೈರಿಗೆ ಮಾತ್ರ ಮುಟ್ಟಿಸಲೇಬೇಡಿ, ಅಷ್ಟು ಕರೆಂಟು ಇಸಿಯುವನ್ನು ಸುಡಬಹುದು. ಅಲ್ಲಿಗೆ ಎಲ್‌ಇಡಿ ಟೆಸ್ಟರ್ ಸಾಕು. ಸೆಲ್ಫ್ ಹೊಡೆದಾಗ ಅದು ಮಿಣಮಿಣ ಎಂದರೆ ಇಸಿಯು ಆದೇಶ ಕಳುಹಿಸುತ್ತಿದೆ, ವೈರೂ ತಲುಪಿಸುತ್ತಿದೆ.

ಕಾಯಿಲಿನ ಓಮ್ ಅಳೆಯುವವರಿಗೆ ಒಂದು ಮಾತು. ಎರಡೇ ಪಿನ್ನಿನ ಸಾದಾ ಕಾಯಿಲಿನಲ್ಲಿ ಪ್ರೈಮರಿ (ಬ್ಯಾಟರಿ ಕಡೆಯ ಸುರುಳಿ) ಸುಮಾರು 0.5ರಿಂದ 2 ಓಮ್ ಇರುತ್ತದೆ, ಸೆಕೆಂಡರಿ (ಪ್ಲಗ್ ಕಡೆಯದು) ಸಾವಿರಗಳಲ್ಲಿ. ಒಳಗೇ ಇಗ್ನೈಟರ್ ಇರುವ ಮೂರು ನಾಲ್ಕು ಪಿನ್ನಿನ ಕಾಯಿಲಿನಲ್ಲಿ ಈ ಅಳತೆಗೆ ಅರ್ಥವಿಲ್ಲ. ತಣ್ಣಗಿದ್ದಾಗ ಸರಿಯಾದ ಓಮ್ ತೋರಿಸಿ, ಬಿಸಿಯಾದಾಗ ಒಳಗೇ ಶಾರ್ಟ್ ಆಗುವ ಕಾಯಿಲ್‌ಗಳೂ ಇವೆ. ಅದಲು ಬದಲು ಪರೀಕ್ಷೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ನನ್ನದೇ ಕಾರಿನ ಕಥೆ ಇಲ್ಲಿ ಹೇಳಬೇಕು. ನಾಲ್ಕು ಸಿಲಿಂಡರಿನ ಹಳೆಯ ಪೆಟ್ರೋಲ್ ಗಾಡಿ, ಪಿ0352. ಒಂದು ಗ್ಯಾರೇಜಿನಲ್ಲಿ ಒಂದು ಕಾಯಿಲ್, ಇನ್ನೊಂದರಲ್ಲಿ ಇನ್ನೊಂದು. ಮೂರನೆಯ ಸಲ ದೀಪ ಹತ್ತಿದಾಗ ನಾನೇ ಕುಳಿತೆ. ಬ್ಯಾಟರಿ ಬಿಚ್ಚಿ, ಇಸಿಯು ಕನೆಕ್ಟರ್ ತೆಗೆದು, ಸಂಕೇತದ ವೈರಿನ ಎರಡು ತುದಿಗೆ ಮೀಟರ್ ಹಚ್ಚಿದರೆ ಬೀಪ್ ಎಂದಿತು. ಅರ್ಧ ಓಮ್‌ಗೂ ಕಡಿಮೆ, ವೈರು ಸರಿ ಎಂದು ಎದ್ದುಬಿಡುವವನಿದ್ದೆ. ವೈರಿಂಗ್ ಕಟ್ಟನ್ನು ಅದರ ಕ್ಲಿಪ್ಪಿಗೆ ಮರಳಿ ಸಿಕ್ಕಿಸುವಾಗ ಬೀಪ್ ನಿಂತಿತು. ಬಿಟ್ಟರೆ ಬೀಪ್, ಬಾಗಿಸಿದರೆ ಮೌನ. ವಾಲ್ವ್ ಕವರಿನ ಮೂಲೆಯಲ್ಲಿ ಆ ಕಟ್ಟು ಚೂಪಾಗಿ ತಿರುಗುತ್ತಿತ್ತು. ಟೇಪ್ ಬಿಡಿಸಿ ವೈರುಗಳನ್ನು ಒಂದೊಂದಾಗಿ ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸುತ್ತಾ ಬಂದೆ. ಹೊರಗಿನ ಪ್ಲಾಸ್ಟಿಕ್ ಎಲ್ಲೂ ಹರಿದಿರಲಿಲ್ಲ. ಒಂದು ವೈರಿನಲ್ಲಿ ಮಾತ್ರ ಉಗುರಿನಗಲ ಜಾಗ ಟೊಳ್ಳು ಹುಲ್ಲಿನ ಕಡ್ಡಿಯಂತೆ ಮೆತ್ತಗೆ ಮಡಚಿತು. ಸೀಳಿ ನೋಡಿದರೆ ತಾಮ್ರದ ಎಳೆಗಳು ತುಂಡಾಗಿ, ಹಸಿರು ಪುಡಿಯಾಗಿ, ತುದಿಗೆ ತುದಿ ತಾಗಿಕೊಂಡು ನಿಂತಿದ್ದವು. ಎಂಜಿನ್ ಅಲುಗಿದಾಗೆಲ್ಲ ಬಿಡುತ್ತಿದ್ದವು, ಮತ್ತೆ ಸೇರುತ್ತಿದ್ದವು. ಹೊಳೆಯುವ ತಾಮ್ರ ಸಿಗುವವರೆಗೆ ಎರಡೂ ಕಡೆ ಕತ್ತರಿಸಿ, ಅಷ್ಟೇ ದಪ್ಪದ ವೈರಿನ ತುಂಡು ಬೆಸೆದು, ಶಾಖಕ್ಕೆ ಕುಗ್ಗುವ ತೋಳು ಹಾಕಿ, ಮೂಲೆಯಲ್ಲಿ ಸ್ವಲ್ಪ ಸಡಿಲ ಬಿಟ್ಟು ಕಟ್ಟಿದೆ. ತೆಗೆದಿಟ್ಟ ಎರಡು ‘ಕೆಟ್ಟ’ ಕಾಯಿಲ್‌ಗಳು ಇಂದಿಗೂ ಡಿಕ್ಕಿಯಲ್ಲಿವೆ, ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ.

ಹೀಗಾಗಿ ವೈರು ಅಳೆಯುವಾಗ ಅದನ್ನು ಅಲುಗಿಸಿ, ಬಾಗಿಸಿ, ಎಳೆದು ಅಳೆಯಿರಿ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಣಗಿದ ಮರದ ಕೋಲಿನಿಂದ ವೈರಿಂಗ್ ಕಟ್ಟನ್ನು ಅಲ್ಲಲ್ಲಿ ಮೆಲ್ಲಗೆ ಒತ್ತಿದಾಗ ಸದ್ದು ತಪ್ಪಿದರೆ ದೋಷ ಅಲ್ಲೇ ಅಕ್ಕಪಕ್ಕದಲ್ಲಿದೆ. ಚಲಿಸುವ ಬೆಲ್ಟ್, ಫ್ಯಾನ್ ಹತ್ತಿರ ಕೋಲೂ ಬೇಡ, ಕೈಯೂ ಬೇಡ.

ಬಿಸಿಯಾದ ಮೇಲೆ ನಿಲ್ಲುತ್ತದೆ, ತಣಿದ ಮೇಲೆ ಹೊರಡುತ್ತದೆ

ಅರ್ಧ ಗಂಟೆ ಓಡಿ, ಸಿಗ್ನಲ್‌ನಲ್ಲಿ ಸದ್ದಿಲ್ಲದೆ ಆರಿಹೋಗುತ್ತದೆ. ಇಪ್ಪತ್ತು ನಿಮಿಷ ಕಾದರೆ ಏನೂ ಆಗಿಲ್ಲವೆಂಬಂತೆ ಹತ್ತುತ್ತದೆ. ಜೊತೆಗೆ ಪಿ0335 ಇದ್ದರೆ ಕ್ರ್ಯಾಂಕ್ ಸೆನ್ಸರಿನ ಮೇಲೆಯೇ ಮೊದಲ ಸಂಶಯ. ಕಾರು ನಿಂತಿರುವ ಆ ಇಪ್ಪತ್ತು ನಿಮಿಷವೇ ನಿಮ್ಮ ಸಾಕ್ಷ್ಯ, ಅದನ್ನು ವ್ಯರ್ಥ ಮಾಡಬೇಡಿ. ಸ್ಕ್ಯಾನರಿನಲ್ಲಿ ಆರ್‌ಪಿಎಂ ತೆರೆದಿಟ್ಟು ಸೆಲ್ಫ್ ಹೊಡೆಯಿರಿ. ಎಂಜಿನ್ ತಿರುಗುತ್ತಿದ್ದರೂ ಅಂಕಿ ಸೊನ್ನೆಯಲ್ಲೇ ಕುಳಿತರೆ ಇಸಿಯುಗೆ ಕ್ರ್ಯಾಂಕ್ ಕಾಣುತ್ತಿಲ್ಲ. ಕ್ರ್ಯಾಂಕ್ ಕಾಣದಿದ್ದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ.

ಎರಡು ವೈರಿನ ಆಯಸ್ಕಾಂತದ ಸೆನ್ಸರಾದರೆ ಬಿಸಿಯಿದ್ದಾಗಲೇ ಓಮ್ ಅಳೆಯಿರಿ. ಕಾರಿನಿಂದ ಕಾರಿಗೆ ಬದಲಾದರೂ ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರದಾಚೆಯವರೆಗೆ ಇರಬೇಕು. ಬಿಸಿಯಲ್ಲಿ ಅನಂತ, ತಣಿದಾಗ ಸರಿ ಎಂದು ತೋರಿಸಿದರೆ ತೀರ್ಪು ಸಿಕ್ಕಿತು. ಮೂರು ವೈರಿನ ಹಾಲ್ ಸೆನ್ಸರಿಗೆ ಓಮ್ ಪರೀಕ್ಷೆ ನಡೆಯುವುದಿಲ್ಲ. ಸೆನ್ಸರ್ ಬಿಚ್ಚಿದರೆ ತುದಿಯಲ್ಲಿ ಕಬ್ಬಿಣದ ಪುಡಿ ಗಡ್ಡದಂತೆ ಅಂಟಿರುವುದೂ ಉಂಟು. ಒರೆಸಿ ಹಾಕಿದ ಮಾತ್ರಕ್ಕೆ ಪಿ0336 ಹೋಗಿಬಿಡಬಹುದು.

ಡಿಸ್ಟ್ರಿಬ್ಯೂಟರ್ ಕಾಲದ ಕಾರಿನಲ್ಲಿ ಇದೇ ಆಟ ಆಡುವುದು ಇಗ್ನೈಟರ್ ಮಾಡ್ಯೂಲ್. ಅದನ್ನು ಕೂರಿಸುವಾಗ ಅಡಿಯಲ್ಲಿ ಶಾಖ ಸಾಗಿಸುವ ಗ್ರೀಸ್ ಹಚ್ಚಬೇಕಾದ ಮಾದರಿಗಳಿವೆ. ಮರೆತರೆ ಹೊಸ ಮಾಡ್ಯೂಲೂ ಬೆಂದುಹೋಗುತ್ತದೆ.

ಪಿ0340 ಜೊತೆಗೆ ಪಿ0016 ಕೂಡ ಬಂದಿದ್ದರೆ ಅಲ್ಲೇ ನಿಲ್ಲಿ. ಕ್ಯಾಮ್ ಮತ್ತು ಕ್ರ್ಯಾಂಕ್ ಒಂದಕ್ಕೊಂದು ಹೊಂದುತ್ತಿಲ್ಲ ಎಂಬ ಕೋಡ್ ಅದು. ಟೈಮಿಂಗ್ ಚೈನ್ ಸಡಿಲವಾಗಿರಬಹುದು, ಬೆಲ್ಟ್ ಒಂದು ಹಲ್ಲು ಜಾರಿರಬಹುದು. ಇನ್ನೂ ಜಾರಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತದೆ. ಸ್ಟಾರ್ಟ್ ಮಾಡಿ ನೋಡುವ ಕುತೂಹಲವನ್ನೂ ಬಿಡಿ.

ಕಿಡಿ ಗಟ್ಟಿಯಾಗಿದೆ, ಮಿಸ್ ಹೋಗಿಲ್ಲ

ಹಾಗಾದರೆ ಇಗ್ನಿಷನ್ ಬಿಟ್ಟು ಹೊರಗೆ ಬನ್ನಿ. ಪಿ0300 ಜೊತೆ ಪಿ0171, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂಬ ಕೋಡ್, ಇದ್ದರೆ ಎಲ್ಲೋ ಗಾಳಿ ನುಸುಳುತ್ತಿರಬಹುದು. ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪನ್ನು ಕಣ್ಣು, ಕಿವಿ ಎರಡರಿಂದಲೂ ಹುಡುಕಿ. ಇಂಜೆಕ್ಟರ್‌ಗಳಿಗೆ ಉದ್ದನೆಯ ಸ್ಕ್ರೂಡ್ರೈವರ್ ತಾಗಿಸಿ ಹಿಡಿಯನ್ನು ಕಿವಿಯ ಮೂಳೆಗೆ ಒತ್ತಿದರೆ ಟಿಕ್ ಟಿಕ್ ಕೇಳಬೇಕು. ಒಂದು ಮೌನವಾಗಿದ್ದರೆ ಅದರ ಕನೆಕ್ಟರ್ ನೋಡಿ. ಕೊನೆಗೆ ಕಂಪ್ರೆಷನ್. ಆರೋಗ್ಯವಂತ ಪೆಟ್ರೋಲ್ ಎಂಜಿನ್ ಸಾಮಾನ್ಯವಾಗಿ 10ರಿಂದ 13 ಬಾರ್ ಕೊಡುತ್ತದೆ. ಅಂಕಿಗಿಂತ ಮುಖ್ಯ ಸಿಲಿಂಡರ್‌ಗಳ ನಡುವಿನ ಅಂತರ. ಒಂದು ಮಾತ್ರ ಬಹಳ ಕಡಿಮೆ ತೋರಿಸಿ, ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಅಳೆದಾಗ ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಬಲ್ಲವರ ಕೈಗೆ ಯಾವಾಗ ಕೊಡಬೇಕು

ಧನ ವಿದ್ಯುತ್ತು ಬಲ್ಬು ಬೆಳಗಿಸುತ್ತಿದೆ, ಅರ್ತ್ ಗಟ್ಟಿ, ವೈರು ಬಾಗಿಸಿದರೂ ಬೀಪ್ ನಿಲ್ಲುವುದಿಲ್ಲ, ಕಾಯಿಲ್ ಬೇರೆ ಸಿಲಿಂಡರಿನಲ್ಲಿ ನಡೆಯುತ್ತಿದೆ, ಆದರೂ ಆ ಒಂದು ದಾರಿಯಲ್ಲಿ ಸಂಕೇತವೇ ಇಲ್ಲ ಎಂದಾದರೆ ಇಸಿಯು ಟ್ರಾನ್ಸಿಸ್ಟರ್ ಹೋಗಿರುವ ಸಾಧ್ಯತೆ ಇದೆ. ಆಸಿಲೋಸ್ಕೋಪ್ ಇಟ್ಟು ಕಾಯಿಲಿನ ಅಲೆ ನೋಡುವವರ ಬಳಿ ಒಯ್ಯಿರಿ. ಬದಲಾಯಿಸಿದ ಮತ್ತು ಅಳೆದ ಎಲ್ಲದರ ಪಟ್ಟಿಯನ್ನು ಅವರ ಕೈಗೆ ಕೊಡಿ. ಹೊಸ ಇಸಿಯು ಹಾಕುವ ಮೊದಲು ಹಳೆಯದು ಏಕೆ ಸುಟ್ಟಿತು ಎಂದು ಕೇಳಿ. ಒಳಗೆ ಶಾರ್ಟ್ ಆದ ಕಾಯಿಲೇ ಅದನ್ನು ಸುಟ್ಟಿದ್ದರೆ ಅದೇ ಕಾಯಿಲ್ ಹೊಸದನ್ನೂ ಸುಡುತ್ತದೆ. ಬಹಳ ಕಾರುಗಳಲ್ಲಿ ಇಸಿಯು ಬದಲಾದರೆ ಕೀ ಕೂಡ ಹೊಸದಾಗಿ ಹೊಂದಿಸಬೇಕಾಗುತ್ತದೆ, ಗುಜರಿಯಿಂದ ತಂದು ಸಿಕ್ಕಿಸಿದ ಮಾತ್ರಕ್ಕೆ ಎಂಜಿನ್ ಹತ್ತುವುದಿಲ್ಲ.

ಸರಿಯಾಯಿತೇ?

ಕೋಡ್ ಅಳಿಸಿದಾಗ ದೀಪ ಆರುವುದು ಯಾವುದಕ್ಕೂ ಸಾಕ್ಷಿಯಲ್ಲ. ಬಹಳಷ್ಟು ಮಿಸ್‌ಫೈರ್ ದೋಷಗಳನ್ನು ಇಸಿಯು ಮೊದಲ ಓಟದಲ್ಲಿ ಬಾಕಿ ಕೋಡ್ ಆಗಿ ಇಟ್ಟುಕೊಂಡು, ಎರಡನೆಯ ಓಟದಲ್ಲೂ ಕಂಡರೆ ಮಾತ್ರ ದೀಪ ಹತ್ತಿಸುತ್ತದೆ. ರಾತ್ರಿಯಿಡೀ ನಿಂತು ತಣಿದ ಕಾರನ್ನು ಎತ್ತಿ, ಐಡ್ಲಿಂಗ್, ಏರು, ಸಮ ವೇಗ ಎಲ್ಲವೂ ಸಿಗುವಂತೆ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಫ್ರೀಜ್ ಫ್ರೇಮಿನಲ್ಲಿ ಬರೆದುಕೊಂಡ ಅದೇ ವೇಗ, ಅದೇ ಹೊರೆ ತಲುಪಿಸಿ. ಆಮೇಲೆ ದೀಪ ನೋಡಬೇಡಿ, ಸ್ಕ್ಯಾನರಿನಲ್ಲಿ ಬಾಕಿ ಕೋಡ್‌ಗಳ ಪುಟ ತೆರೆಯಿರಿ. ಹೊಗೆ ತಪಾಸಣೆ ಇದ್ದರೆ ಕೋಡ್ ಅಳಿಸಿದ ದಿನವೇ ಹೋಗಬೇಡಿ. ಅಳಿಸಿದಾಗ ಇಸಿಯುವಿನ ಸ್ವಯಂ ಪರೀಕ್ಷೆಗಳ ಫಲಿತಾಂಶವೂ ಅಳಿಸಿರುತ್ತದೆ, ಅವು ಮತ್ತೆ ಪೂರ್ತಿಯಾಗಲು ಕೆಲವು ದಿನಗಳ ಓಟ ಬೇಕು.